64 ಜಿಬಿ ಪೆನ್‌ಡ್ರೈವ್‌ನಲ್ಲಿ ನಾಲ್ಕು ಜಿಬಿ ಎಲ್ಲಿ ಹೋಯ್ತು?

ಹೋದ ತಿಂಗಳು 64 ಜಿಬಿ ಪೆನ್‌ಡ್ರೈವ್ ತಂದೆ. ಕಂಪ್ಯೂಟರ್‌ಗೆ ಹಾಕಿ ನೋಡಿದರೆ 59 ಚಿಲ್ಲರೆ ಜಿಬಿ! ಸೀದಾ ಅಂಗಡಿಗೆ ಹೋಗಿ ತಕರಾರು ತೆಗೆದೆ. ‘ಎಲ್ಲಾ ಕಂಪನೀದೂ ಹಂಗೇ ತೋರ್ಸೋದು ಸಾರ್’ ಎಂದ ಅಂಗಡಿಯ ಹುಡುಗ. ಅವನು ಹೇಳಿದ್ದು ಸರಿಯೇ ಇತ್ತು. ಯಾಕೆ ಹಾಗೆ ಅನ್ನೋದು ಮಾತ್ರ ಇಬ್ಬರಿಗೂ ಗೊತ್ತಿರಲಿಲ್ಲ. ಮನೆಗೆ ಬಂದು ಲೆಕ್ಕ ಹಾಕಿದೆ. ನೀವೂ ಹಾಕಬಹುದು.

ಹಂತ 1: ಬೈಟ್ ಅಂದರೆ ಎಷ್ಟು, ಕಣ್ಣಾರೆ ನೋಡಿ

ಕಂಪ್ಯೂಟರ್‌ನ ಅತಿ ಚಿಕ್ಕ ಅಳತೆ ಬಿಟ್. ಅದು ಸೊನ್ನೆ, ಇಲ್ಲವೇ ಒಂದು. ಎಂಟು ಬಿಟ್ ಸೇರಿದರೆ ಒಂದು ಬೈಟ್. ಈ ‘ಬೈಟ್’ ಪದವನ್ನು ಹುಟ್ಟುಹಾಕಿದವರು ಐಬಿಎಂನಲ್ಲಿದ್ದ ವರ್ನರ್ ಬುಕ್‌ಹೋಲ್ಜ್, 1956ರಲ್ಲಿ. ನಮ್ಮ ರಾಜ್ಯ ಒಂದಾದ ವರ್ಷವೂ ಅದೇ.

ನೋಟ್‌ಪ್ಯಾಡ್ ತೆರೆದು ಇಂಗ್ಲಿಷ್‌ ಅಕ್ಷರಗಳಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿ. ಏಳು ಅಕ್ಷರ. ಸೇವ್ ಮಾಡಿ, ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿದರೆ 7 ಬೈಟ್. ಈಗ ಅದೇ ಪದವನ್ನು ಕನ್ನಡದಲ್ಲೇ ಬರೆದು ನೋಡಿ: 15 ಬೈಟ್! ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ (ಎಲ್ಲಾ ಭಾಷೆಗಳ ಅಕ್ಷರಗಳನ್ನೂ ಕಂಪ್ಯೂಟರಿನಲ್ಲಿ ಬರೆದಿಡುವ ರೀತಿ) ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಕ, ನ, ಒತ್ತಕ್ಷರ ಮೂಡಿಸುವ ಅರ್ಧಾಕ್ಷರ ಚಿಹ್ನೆ, ಇನ್ನೊಂದು ನ, ಡ, ಒಟ್ಟು ಐದು. ನಮ್ಮ ಕಣ್ಣಿಗೆ ಮೂರೇ ಅಕ್ಷರ, ಅಲ್ವಾ?

ಹಂತ 2: ಮೆಟ್ಟಿಲು ಹತ್ತಿ

ಬೈಟ್ ಆದಮೇಲೆ ಕೆಬಿ (ಕಿಲೋಬೈಟ್), ಎಂಬಿ (ಮೆಗಾಬೈಟ್), ಜಿಬಿ (ಗಿಗಾಬೈಟ್), ಟಿಬಿ (ಟೆರಾಬೈಟ್). ಒಂದೊಂದು ಮೆಟ್ಟಿಲೂ ಹಿಂದಿನದಕ್ಕಿಂತ ಸುಮಾರು ಸಾವಿರ ಪಟ್ಟು ದೊಡ್ಡದು. ಪರೀಕ್ಷೆ ಅರ್ಜಿಗೆ ಹಾಕುವ ಫೋಟೋ ಕೆಬಿಯಲ್ಲಿ, ಫೋನಿನಲ್ಲಿ ತೆಗೆದ ಫೋಟೋ ಎಂಬಿಯಲ್ಲಿ, ಸಿನಿಮಾ ಜಿಬಿಯಲ್ಲಿ. ಅರ್ಜಿ ತುಂಬುವಾಗ ‘ಫೋಟೋ 50 ಕೆಬಿ ಮೀರಬಾರದು’ ಎಂದಿದ್ದರೆ 3 ಎಂಬಿ ಫೋಟೋವನ್ನು ಅರವತ್ತು ಪಟ್ಟು ಕುಗ್ಗಿಸಬೇಕು. ಎಷ್ಟು ಸಲ ಅಪ್‌ಲೋಡ್ ಒತ್ತಿದರೂ ತಗೊಳ್ಳದಿರುವುದು ಅದಕ್ಕೇ.

ಹಂತ 3: ‘ಸುಮಾರು’ ಅಂದಿದ್ದು ಯಾಕೆ?

ಮೊದಲು ಒಂದೂರಿನ ಸೇರಿಗೂ ಪಕ್ಕದೂರಿನ ಸೇರಿಗೂ ತಾಳೆಯಾಗುತ್ತಿರಲಿಲ್ಲ. ಹೆಸರು ಒಂದೇ, ಅಳತೆ ಬೇರೆ. ಜಿಬಿಯ ಕಥೆಯೂ ಅದೇ. ಪೆನ್‌ಡ್ರೈವ್ ತಯಾರಿಸುವವರು ಸಾವಿರದ ಲೆಕ್ಕ ಹಿಡಿಯುತ್ತಾರೆ. ಅವರ ಒಂದು ಜಿಬಿ ಅಂದರೆ 100 ಕೋಟಿ ಬೈಟ್. ವಿಂಡೋಸ್‌ನದು 1024ರ ಲೆಕ್ಕ. ಒಂದನ್ನು ಎರಡರಿಂದ ಗುಣಿಸುತ್ತಾ ಹತ್ತು ಸಲ ಹೋದರೆ ಬರುವುದು 1024. ಕಂಪ್ಯೂಟರ್‌ಗೆ ಅದೇ ಸಲೀಸು. ಈ ಲೆಕ್ಕದಲ್ಲಿ ಒಂದು ಜಿಬಿಗೆ 107 ಕೋಟಿಗೂ ಜಾಸ್ತಿ ಬೈಟ್.

ಗೊಂದಲ ತಪ್ಪಿಸಲೆಂದೇ 1998ರಲ್ಲಿ 1024ರ ಲೆಕ್ಕಕ್ಕೆ ಕಿಬಿಬೈಟ್, ಮೆಬಿಬೈಟ್, ಗಿಬಿಬೈಟ್ ಎಂಬ ಬೇರೆ ಹೆಸರುಗಳನ್ನಿಟ್ಟರು. ವಿಂಡೋಸ್‌ನಂಥದ್ದೇ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್‌ನವರು ಒಂದಷ್ಟು ಬಳಸುತ್ತಾರೆ. ವಿಂಡೋಸ್ ಇವತ್ತಿಗೂ ಜಿಬಿ ಅಂತಲೇ ಬರೆಯುತ್ತದೆ. ನನ್ನ ಪ್ರಕಾರ ತಪ್ಪು ಇರುವುದು ಅಲ್ಲೇ, ಪೆನ್‌ಡ್ರೈವ್‌ನಲ್ಲಲ್ಲ. ಸಾವಿರದ ಲೆಕ್ಕವನ್ನೇ ಹಿಡಿಯುವ ಆಪಲ್‌ನ ಮ್ಯಾಕ್ ಕಂಪ್ಯೂಟರ್‌ಗೆ ಹಾಕಿದರೆ ಅದೇ ಡ್ರೈವ್ 64ರ ಹತ್ತಿರ ತೋರಿಸುತ್ತದೆ.

ಹಂತ 4: ಡಬ್ಬಿ ನೋಡಿಯೇ ಲೆಕ್ಕ ಹಾಕಿ

ಡಬ್ಬಿಯ ಮೇಲಿನ ಜಿಬಿಯನ್ನು 0.93ರಿಂದ ಗುಣಿಸಿ. 64 ಇದ್ದರೆ ಹೆಚ್ಚುಕಡಿಮೆ 59.5. ಮೆಟ್ಟಿಲು ಏರಿದಷ್ಟೂ ಅಂತರ ಹಿಗ್ಗುತ್ತದೆ, ಆದ್ದರಿಂದ ಟಿಬಿಗೆ 0.91 ಹಿಡಿಯಿರಿ. 1 ಟಿಬಿ ಹಾರ್ಡ್ ಡಿಸ್ಕ್ ವಿಂಡೋಸ್‌ನಲ್ಲಿ 0.91 ಟಿಬಿ, ಅದನ್ನು 1024ರಿಂದ ಗುಣಿಸಿದರೆ ಸುಮಾರು 931 ಜಿಬಿ. ಫೋನಿನಲ್ಲಿ ಜಾಗ ಕಡಿಮೆ ಕಾಣುವುದಕ್ಕೆ ಇನ್ನೊಂದು ಕಾರಣವೂ ಉಂಟು: ಆಂಡ್ರಾಯ್ಡ್ ತಾನೇ ಒಂದಿಷ್ಟು ಜಿಬಿ ಆಕ್ರಮಿಸಿ ಕೂತಿರುತ್ತದೆ.

ಹಂತ 5: ಇಂಟರ್‌ನೆಟ್ ಬಿಲ್ ನೋಡುವಾಗ

ಇಲ್ಲಿ ಅಳತೆ ಬೈಟ್ ಅಲ್ಲ, ಬಿಟ್. ‘100 ಎಂಬಿಪಿಎಸ್’ ಎಂದರೆ ಸೆಕೆಂಡಿಗೆ 100 ಮೆಗಾಬಿಟ್. ಎಂಟರಿಂದ ಭಾಗಿಸಿದರೆ 12.5 ಮೆಗಾಬೈಟ್. ಅಂದರೆ ಲೈನ್ ಎಷ್ಟೇ ಚೆನ್ನಾಗಿದ್ದರೂ 1 ಜಿಬಿ ಸಿನಿಮಾ ಇಳಿಯಲು 80 ಸೆಕೆಂಡ್ ಬೇಕೇ ಬೇಕು. ಕಸ್ಟಮರ್ ಕೇರ್‌ಗೆ ಫೋನ್ ಮಾಡುವ ಮೊದಲು ಈ ಭಾಗಾಕಾರ ಒಂದು ಮಾಡಿಕೊಳ್ಳಿ.