ಹುಡುಗರ ಕೀಲು ನೋವಿಗೆ ದವಾಖಾನಿಗೆ ಹೋಗೂ ಮುಂಚೆ ಮನ್ಯಾಗ ಕುಂತು ಒಂದ್ ಹಾಳಿ ಬರೀರಿ

ಎಂಟ್ ಒಂಬತ್ತು ವರ್ಷದ ಹುಡುಗ ಮೊಣಕಾಲ ಹಿಡ್ಕೊಂಡು ಕುಂಟ್ಕೋತ ಬಂದ್ರ ನಮ್ ಗದಗಿನ ಕಡೆ ಮೊದಲ್ನೇ ಮಾತು "ಬೆಳಿಯೂ ನೋವ್ ಬಿಡ್ರಿ", ಎರಡನೇದು "ಎಣ್ಣಿ ತಿಕ್ರಿ". ನಮ್ಮಕ್ಕನ ಮಗಂದೂ ಹಂಗ ಎರಡು ವರ್ಷ ಹೋದ್ವು. ರಕ್ತ ತಪಾಸಣಿ ಎಲ್ಲಾ ನಾರ್ಮಲ್, ಆದ್ರೂ ಒಂದ್ ಕಡೆ ಮಕ್ಕಳ ಸಂಧಿವಾತ ಅಂತ ಗುಳಿಗಿ ಕೊಟ್ರು, ನೋವ್ ಇಳೀಲಿಲ್ಲ. ಕಡೀಕ ಒಬ್ರು ಡಾಕ್ಟರ್ "ಈ ಹುಡುಗನ ಚಸ್ಮಾ ನಂಬರ್ ಎಷ್ಟು" ಅಂತ ಕೇಳಿದ್ರು. ಕಾಲ್ ತೋರ್ಸಾಕ ಬಂದ್ರ ಕಣ್ಣು ಯಾಕ ಕೇಳ್ತಾರ ಅಂತ ಅಕ್ಕ ನನ್ ಮಾರಿ ನೋಡಿದ್ಳು.

ಕೀಲಿನ ಎಲುಬಿನ ತುದಿಗೆ ಗಾದಿ ಹಂಗ ಇರತೈತಲ್ಲ, ಕಾರ್ಟಿಲೇಜ್, ಅದರ ಮುಖ್ಯ ಎಳಿ ಟೈಪ್ 2 ಕೊಲಾಜೆನ್. ಕಣ್ಣೊಳಗಿನ ಲೋಳ್ಯಾಗೂ ಅದ ಇರತೈತಿ. ಅದನ್ನ ಮಾಡೂ ಸಿಓಎಲ್2ಎ1 ಜೀನ್‌ನಾಗ (ಜೀನ್ ಅಂದ್ರ ಅಪ್ಪ ಅವ್ವನಿಂದ ಬರೂ ವಂಶವಾಹಿ) ತಪ್ಪಾದ್ರ ಕೀಲು ಲಗೂ ಸವಿತಾವು, ದೂರದ್ದು ಕಾಣಂಗಿಲ್ಲ, ಕೆಲವ್ರಿಗೆ ಬಾಯಾಗಿನ ಅಂಗಳ ಸೀಳಿರತೈತಿ, ಕಿವಿ ಮಂದ ಆಗತೈತಿ. ಸ್ಟಿಕ್ಲರ್ ಸಿಂಡ್ರೋಮ್ ಅಂತಾರ, 1965ರಾಗ ಅಮೆರಿಕಾದ ಡಾಕ್ಟರ್ ಗುನ್ನಾರ್ ಸ್ಟಿಕ್ಲರ್ ಅನ್ನಾವ್ರು ಇದನ್ನ ಬರೆದಿಟ್ರು. ಇದೊಂದ ಅಲ್ಲ, ಬ್ಯಾರೆ ಕೊಲಾಜೆನ್ ಜೀನ್ ಕೆಟ್ರೂ ಕೀಲಿನ ತ್ರಾಸ ಬರತಾವು.

ಇಂಥಾವು ಮನಿತನದಾಗ ಹರಿದು ಬರತಾವು, ಅದಕ್ಕ ಈಗ ಹಾಳಿ ತಗೊಂಡು ಮನಿ ಮಂದಿದು ನಕ್ಷೆ ಬರೀರಿ. ಕೂಸು, ಅಪ್ಪ ಅವ್ವ, ಎರಡೂ ಕಡಿ ಅಜ್ಜ ಅಮ್ಮ, ಕಾಕಾ, ಸೋದರಮಾವ, ಅತ್ತಿ, ಅವರ ಮಕ್ಳು. ಗಂಡಸರಿಗೆ ಚೌಕ, ಹೆಂಗಸರಿಗೆ ಗೋಲ, ತ್ರಾಸ ಇದ್ದವ್ರಿಗೆ ಒಳಗ ಕಪ್ಪು ತುಂಬ್ರಿ, ಸಂಬಂಧದಾಗ ಮದುವಿ ಆಗಿದ್ರ ನಡುವ ಎರಡು ಗೆರಿ ಎಳೀರಿ. ಪ್ರತಿಯೊಬ್ರ ಬಾಜೂಕ ನೋವು ಯಾವ ವಯಸ್ಸಿಗೆ ಶುರುವಾತು, ಟೊಂಕದ ಕೀಲು ಬದ್ಲಿ ಮಾಡ್ಸಿದ್ರೇನು, ಚಸ್ಮಾ ನಂಬರ್, ಕಣ್ಣಿನ ಹಿಂದಿನ ಪರದಿ (ರೆಟಿನಾ) ಕಿತ್ತಿತ್ತೇನು, ಕಿವಿ, ಅಂಗಳ, ಎತ್ತರ, ಎಲ್ಲಾ ಬರೀರಿ. ಇದಕ್ಕ ಮನಿಯ ಹಿರಿ ಹೆಣ್ಮಗಳನ್ನ ಕೇಳ್ರಿ, ಗಂಡಸರು "ನಮ್ಮ ಮನ್ಯಾಗ ಯಾರಿಗೂ ಏನಿಲ್ಲ" ಅಂತ ಎದ್ದ ಹೋಗ್ತಾರ. ನಮ್ಮಪ್ಪ ನಲವತ್ತಕ್ಕ ಕೋಲ ಹಿಡ್ದಿದ್ದ, ಹೊಲದಾಗ ದುಡಿದು ಹಂಗಾತು ಅಂತಿದ್ವಿ. ಕಾಕಾಂದು ಒಂದ್ ಕಣ್ಣು ಒಮ್ಮಿಂದೊಮ್ಮೆ ಹೋತು, ಕಸ ಬಿದ್ದಿತ್ತು ಅಂತಿದ್ವಿ. ಅಕ್ಕಗ ಮೂರನೇತ್ತಿಂದ ದಪ್ಪ ಚಸ್ಮಾ. ಹಾಳಿ ಮ್ಯಾಲ ಮೂರೂ ಒಂದ ಸಾಲಿಗೆ ಬಂದ್ವು.

ಹಾಳಿ ಜೋಡಿ ಹಳೇ ಎಕ್ಸ್‌ರೇ ಎಲ್ಲಾ ಒಯ್ರಿ. ಬರೇ ಮೊಣಕಾಲಿಂದ ತಗ್ಸಿದ್ರ ಸಾಲಂಗಿಲ್ಲ, ಟೊಂಕ, ಬೆನ್ನೆಲುಬು, ಕೈದೂ ಬೇಕೇನ್ರಿ ಅಂತ ನೀವ ಕೇಳ್ರಿ. ಸರ್ಕಾರಿ ಸಾಲಿ, ಅಂಗನವಾಡಿಗೆ ಆರ್‌ಬಿಎಸ್‌ಕೆ ಅನ್ನೂ ಮಕ್ಕಳ ತಪಾಸಣಿಯ ಸರ್ಕಾರಿ ತಂಡ ಬರತೈತಲ್ಲ, 18 ವರ್ಷದ ತನಕ ಅವ್ರಿಗೂ ತೋರಸ್ಬಹುದು, ಇಲ್ಲಾಂದ್ರ ಹುಬ್ಬಳ್ಳಿ ಕಿಮ್ಸ್ (ಈಗ ಕೆಎಂಸಿಆರ್‌ಐ ಅಂತಾರ) ದವಾಖಾನಿ ಮಕ್ಕಳ ವಿಭಾಗ. ಅಲ್ಲಿಂದ ಜೆನೆಟಿಕ್ಸ್ ಡಾಕ್ಟರ್ ಕಡೆ ಚೀಟಿ ಬರಸ್ಕೋರಿ. ಜೀನ್ ಟೆಸ್ಟಿಗೆ ಸ್ವಲ್ಪ ರಕ್ತ ಸಾಕು, ವರದಿಗೆ ವಾರಗಟ್ಟಲೆ ಕಾಯ್ಬೇಕು, ಒಮ್ಮೊಮ್ಮೆ "ಬದಲಾವಣಿ ಸಿಕ್ಕೈತಿ, ಅರ್ಥ ಖಾತ್ರಿ ಇಲ್ಲ" ಅಂತ ಬರತೈತಿ, ಆವಾಗ ಅಪ್ಪ ಅವ್ವಂದೂ ರಕ್ತ ಕೇಳ್ತಾರ. ನಾರ್ಮಲ್ ಬಂದ್ರೂ ರೋಗ ಇಲ್ಲ ಅಂತ ಅಲ್ಲ.

ಸಂಬಂಧದಾಗ ಕೊಟ್ರಿ ಅದಕ್ಕ ಹಿಂಗಾತು ಅಂತ ಸೊಸಿಗೆ ಅನ್ನಾವ್ರು ಇರ್ತಾರ. ಸಿಓಎಲ್2ಎ1ದು ಅಪ್ಪ ಅವ್ವ ಇಬ್ರಾಗ ಒಬ್ರಿಂದ ಬಂದ್ರೂ ಸಾಕು, ಪ್ರತಿ ಬಸಿರಿಗೂ ಅರ್ಧ ಪಾಲು ಸಂಭವ, ಯಾರಿಗೂ ಇಲ್ದ ಹೊಸದಾಗೂ ಬರಬಹುದು. ಇಬ್ರ ಕಡಿಂದನೂ ಬರಬೇಕಾದ ಬ್ಯಾರೆ ನಮೂನಿ ಅದಾವು, ರಕ್ತಸಂಬಂಧದ ಮಾತು ಅಲ್ಲಿ ಬರತೈತಿ.

ಜೀನ್ ಸರಿ ಮಾಡೂ ಔಷಧ ಸದ್ಯಕ್ಕಿಲ್ಲ. ಫಿಜಿಯೋ, ಈಜು, ಸೈಕಲ್ ಛಲೋ, ತೂಕ ಏರಬಾರದು, ಕಬಡ್ಡಿ ಬಿಡಸ್ರಿ (ಇದಕ್ಕ ನಮ್ಮ ಹುಡುಗ ಎರಡು ದಿನ ಉಣ್ಲಿಲ್ಲ). ಕೊಲಾಜೆನ್ ಪುಡಿ ಡಬ್ಬಿ ತರಬ್ಯಾಡ್ರಿ, ಹೊಟ್ಯಾಗ ಹೋದ್ರ ಅದು ಬ್ಯಾಳಿ ತತ್ತಿ ಹಂಗ ಕರಗತೈತಿ, ಜೀನಿಗೆ ಸುದ್ದೀನ ಮುಟ್ಟಂಗಿಲ್ಲ. ಕಣ್ಣಿಗೆ ಮಾತ್ರ ತಡ ಬ್ಯಾಡ. ವರ್ಷಾ ಹನಿ ಹಾಕ್ಸಿ ಪರದಿ ತೋರಸ್ರಿ, ಕಣ್ಣ ಮುಂದ ಕರಿ ಚುಕ್ಕಿ ಹಾರಾಡಿದ್ರ, ಮಿಂಚು ಹೊಡೆದಂಗಾದ್ರ, ಪರದಿ ಎಳೆದಂಗ ಕತ್ತಲಾದ್ರ ಅವತ್ತ ಹೋಗ್ರಿ. ಕಾಕಾನ ಮೊಮ್ಮಗಳಿಗೆ ಈಗ ಆರು ವರ್ಷ, ಕಾಲು ಏನೂ ನೋಯಂಗಿಲ್ಲ, ಆದ್ರ ಚಸ್ಮಾ ಐತಿ. ಆ ಹಾಳಿದೊಂದು ಜೆರಾಕ್ಸ್ ಹಿಡ್ಕೊಂಡು ಹ್ವಾದ ವಾರ ಆಕಿನ್ನೂ ಹುಬ್ಬಳ್ಳಿಗೆ ಕರ್ಕೊಂಡು ಹೋಗಿ ಬಂದ್ವಿ.