ದುಬಾರಿ ಹೆಡ್‌ಫೋನ್ ಕೊಳ್ಳುವ ಮುನ್ನ ಕೇಳಿ ನೋಡುವ ಬಗೆ

ಎರಡು ಹೆಡ್‌ಫೋನ್ ಹೋಲಿಸುವಾಗ ಮೊದಲು ಸದ್ದಿನ ಮಟ್ಟ ಸಮ ಮಾಡಿಕೊಳ್ಳಿ. ಒಂದೇ ಡೆಸಿಬಲ್ ಜೋರಿದ್ದರೂ ಕಿವಿ ಅದನ್ನೇ ಮೆಚ್ಚುತ್ತದೆ. ಅಂಗಡಿಯಲ್ಲಿ ಜನ ಎಡವುವುದೇ ಇಲ್ಲಿ. ಸೆನ್‌ಹೈಸರ್ ಎಚ್‌ಡಿ 650 ಥರದ 300 ಓಮ್ (ವಿದ್ಯುತ್ ತಡೆ ಹೆಚ್ಚಿರುವ) ಮಾದರಿಯನ್ನು ನೇರ ಮೊಬೈಲಿಗೆ ಸಿಕ್ಕಿಸಿ ತೀರ್ಪು ಕೊಡಬೇಡಿ, ಆಂಪ್ಲಿಫೈಯರ್ ಕೇಳಿ ಪಡೆಯಿರಿ.

ನೂರು ಸಲ ಕೇಳಿ ಬಾಯಿಪಾಠವಾದ ರೆಕಾರ್ಡಿಂಗನ್ನೇ ಹಾಕಿ. ಗಾಯಕಿಯ ಸ, ಶ, ಚ ಚುಚ್ಚಿದರೆ ಸಾಮಾನ್ಯವಾಗಿ 6ರಿಂದ 9 ಕಿಲೋಹರ್ಟ್ಜ್ ಭಾಗ (ತೀಕ್ಷ್ಣ ಸದ್ದಿನದು) ಉಬ್ಬಿರುತ್ತದೆ. ಮೊದಲಿಗೆ ಇದೇ 'ಸ್ಪಷ್ಟತೆ' ಅನ್ನಿಸಿ, ಅರ್ಧ ಗಂಟೆಗೆ ತಲೆ ಹಿಡಿಯುತ್ತದೆ. ಮೃದಂಗದ ಎಡಮುಖದ ಗುಮ್ಕಿ (ಜಾರುವ ತಗ್ಗು ನಾದ) ಬಿಡಿಬಿಡಿಯಾಗಿ ಕೇಳಬೇಕು. ಬರೀ ಗುಂಯ್‌ಗುಟ್ಟಿದರೆ ಬಾಸ್ (ತಗ್ಗು ಸದ್ದು) ಇದೆ, ಹಿಡಿತವಿಲ್ಲ. ವಯೊಲಿನ್ ಜೊತೆಗೂಡಿದಾಗ ಹಿಂದಿನ ತಂಬೂರಿ ಮಾಯವಾಗಬಾರದು.

ಕನಿಷ್ಠ 45 ನಿಮಿಷ ತೊಟ್ಟಿರಿ. ಪ್ಲೇನಾರ್ (ಚಪ್ಪಟೆ ತೆಳು ಪೊರೆ ಕಂಪಿಸಿ ಸದ್ದು ಕೊಡುವ) ಮಾದರಿಗಳು ಹಲವು 400 ಗ್ರಾಂ ದಾಟುತ್ತವೆ, ನಡುನೆತ್ತಿ ನೋಯುತ್ತದೆ. ಕನ್ನಡಕದವರು ಕನ್ನಡಕ ಹಾಕಿಕೊಂಡೇ ಕೇಳಿ: ಹೊರಬದಿ ಮುಚ್ಚಿದ ಮಾದರಿಯಲ್ಲಿ ಅದರ ಕಡ್ಡಿ ಬಿಡುವ ಸಂದಿನಿಂದ ಬಾಸ್ ಸೋರುತ್ತದೆ.

ಬೆಲೆ ತೂಗುವಾಗ ಕಿವಿದಿಂಬು, ಕೇಬಲ್ ಬಿಡಿಯಾಗಿ ಸಿಗುತ್ತವೆಯೇ, ಎಷ್ಟಕ್ಕೆ ಎಂದು ವಿಚಾರಿಸಿ. ದಿಂಬು ಚಪ್ಪಟೆಯಾದರೆ ಧ್ವನಿಯೇ ಬದಲಾಗುತ್ತದೆ. ಬಿಡಿಭಾಗ ಸಿಗದ ಹೆಡ್‌ಫೋನ್ ಎಷ್ಟೇ ಇಂಪಾಗಿದ್ದರೂ ಬಿಟ್ಟುಬಿಡಿ.