ಕಾಲೇಜು ಹಾಕಿ ಕೋಚ್ ಆಗಬೇಕಾ? ಹಾಗಾದರೆ ಇದನ್ನು ಓದಿ

ಕಾಲೇಜು ತಂಡದ ಕೋಚ್‌ಗೆ ಒಂದು ದೊಡ್ಡ ಕಷ್ಟ ಇದೆ. ಮೂರು ನಾಲ್ಕು ವರ್ಷ ಬೆವರು ಸುರಿಸಿ ಒಬ್ಬ ಆಟಗಾರ್ತಿಯನ್ನು ತಯಾರು ಮಾಡುತ್ತೀರಿ. ತಲೆ ಎತ್ತದೆಯೇ ಸರಿಯಾದ ಜಾಗಕ್ಕೆ ಪಾಸ್ ಕೊಡುವ ಹಂತಕ್ಕೆ ಬರುತ್ತಾಳೆ. ಅಷ್ಟರಲ್ಲಿ ಡಿಗ್ರಿ ಮುಗಿಯುತ್ತದೆ, ಹೊರಟುಬಿಡುತ್ತಾಳೆ. ಪ್ರತಿ ವರ್ಷ ಇದೇ ಕಥೆ. ಹಾಗಾಗಿ ಒಳ್ಳೆಯ ಆಟಗಾರರನ್ನು ಹುಡುಕಿ ತಂದರೆ ಸಾಲದು. ಅವರು ಹೋದ ಮೇಲೂ ತಂಡದಲ್ಲಿ ಉಳಿಯುವ ಅಭ್ಯಾಸಗಳನ್ನು ಬೆಳೆಸಬೇಕು. ನಾನು ಕಾಲೇಜು ಹುಡುಗಿಯರಿಗೆ ಹಾಕಿ ಕಲಿಸುತ್ತೇನೆ. ಈ ಕೆಲಸಕ್ಕೆ ಬರಬೇಕು ಅಂತ ಕೇಳುವ ಹೊಸಬರಿಗೆ ನಾನು ಹೇಳುವ ಮಾತುಗಳೇ ಇವು.

ಹೆಡ್ ಕೋಚ್ ಕೆಲಸವೇ ಸಿಗಲಿ ಅಂತ ಕಾಯುತ್ತಾ ಕೂರಬೇಡಿ. ಸಹಾಯಕ ಕೋಚ್ ಆಗಿ ಸೇರಿಕೊಳ್ಳಿ. ಸೇರಿದ ಮೇಲೆ ಗೋಲ್‌ಕೀಪರ್‌ಗಳ ಜವಾಬ್ದಾರಿಯನ್ನು ನೀವಾಗಿಯೇ ಕೇಳಿ ತೆಗೆದುಕೊಳ್ಳಿ. ಬಹಳ ತಂಡಗಳಲ್ಲಿ ಕೀಪರ್‌ಗೆ ಪ್ಯಾಡ್ ಕಟ್ಟಿಸಿ ನಿಲ್ಲಿಸುತ್ತಾರೆ, ಉಳಿದವರೆಲ್ಲ ಸಾಲಾಗಿ ಬಂದು ಶಾಟ್ ಹೊಡೆಯುತ್ತಾರೆ. ಅದು ಹೊಡೆಯುವವರಿಗೆ ಪ್ರಾಕ್ಟೀಸ್, ಕೀಪರ್‌ಗೆ ಅಲ್ಲ. ಗೋಲಿನ ಅಗಲ 3.66 ಮೀಟರ್, ಎತ್ತರ 2.14 ಮೀಟರ್. ಅದರಲ್ಲಿ ಎಲ್ಲಿ ನಿಂತರೆ ಎಷ್ಟು ಜಾಗ ಮುಚ್ಚುತ್ತದೆ, ಕಾಲು ಹೇಗೆ ಸರಿಸಬೇಕು, ಡಿಫೆಂಡರ್‌ಗಳಿಗೆ ಯಾವ ಮಾತು ಕೂಗಿ ಹೇಳಬೇಕು, ಇದನ್ನು ಯಾರಾದರೂ ಕೂತು ಕಲಿಸಬೇಕು. ಆ ಕೆಲಸ ಮಾಡಿದರೆ ಇಡೀ ಡಿಫೆನ್ಸ್ ಹಿಂದಿನಿಂದ ಹೇಗೆ ಕಾಣುತ್ತದೆ ಅನ್ನುವುದು ನಿಮಗೂ ತಿಳಿಯುತ್ತದೆ. ಮುಂದೆ ಹೆಡ್ ಕೋಚ್ ಆದಾಗ ಅದು ತುಂಬಾ ಉಪಯೋಗಕ್ಕೆ ಬರುತ್ತದೆ.

ಜೊತೆಗೆ ಪ್ರಾಕ್ಟೀಸ್ ಮ್ಯಾಚ್‌ಗಳಿಗೆ ಅಂಪೈರ್ ಆಗಿ ನಿಲ್ಲಿ. ಹಸಿರು ಕಾರ್ಡ್ ಅಂದರೆ 2 ನಿಮಿಷ ಹೊರಗೆ, ಹಳದಿ ಅಂದರೆ ಕನಿಷ್ಠ 5 ನಿಮಿಷ. ಆ ಹೊತ್ತೆಲ್ಲ ತಂಡ ಹತ್ತೇ ಜನರಲ್ಲಿ ಆಡಬೇಕು. ವಿಸಿಲ್ ಹಿಡಿದು ನಿಂತವರಿಗೆ ಯಾವ ಟ್ಯಾಕಲ್‌ಗೆ ಕಾರ್ಡ್ ಬರುತ್ತದೆ ಅಂತ ಮುಂಚೆಯೇ ಗೊತ್ತಾಗುತ್ತದೆ.

ಈಗ ಪೆನಾಲ್ಟಿ ಕಾರ್ನರ್, ಅಂದರೆ ಎದುರಾಳಿಗಳು ತಮ್ಮ ಗೋಲಿನ ಹತ್ತಿರ ತಪ್ಪು ಮಾಡಿದಾಗ ದಾಳಿ ಮಾಡುವ ತಂಡಕ್ಕೆ ಸಿಗುವ ಅವಕಾಶ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಸಮಬಲದ ಮ್ಯಾಚ್‌ಗಳು ಜಾಸ್ತಿ ತೀರ್ಮಾನ ಆಗುವುದು ಇಲ್ಲೇ. ಎಲ್ಲರ ಕಣ್ಣೂ ಡ್ರ್ಯಾಗ್ ಫ್ಲಿಕ್ (ಚೆಂಡನ್ನು ಸ್ಟಿಕ್ಕಿನಲ್ಲಿ ಎಳೆದುಕೊಂಡು ಗೋಲಿಗೆ ಎಸೆಯುವ ಶಾಟ್) ಮಾಡುವವಳ ಮೇಲೆ ಇರುತ್ತದೆ. ನನ್ನ ಕಣ್ಣು ಇರುವುದು ಚೆಂಡು ತಳ್ಳುವವಳು ಮತ್ತು ನಿಲ್ಲಿಸುವವಳ ಮೇಲೆ. ಬ್ಯಾಕ್‌ಲೈನ್‌ನಿಂದ (ಗೋಲು ಇರುವ ಕಡೆಯ ಗೆರೆ), ಗೋಲ್‌ಪೋಸ್ಟ್‌ಗೆ 10 ಮೀಟರ್ ದೂರದಿಂದ, ಚೆಂಡು ಹೊರಡುತ್ತದೆ. ಅದು ಡಿ, ಅಂದರೆ ಗೋಲಿನ ಮುಂದಿನ ಅರೆವೃತ್ತ, ದಾಟಿ ಹೊರಗೆ ಬಂದ ಮೇಲೆಯೇ ಗೋಲಿಗೆ ಹೊಡೆಯಬಹುದು. ಡಿ ಇರುವುದು ಗೋಲಿನಿಂದ 14.63 ಮೀಟರ್ ದೂರಕ್ಕೆ. ಅಷ್ಟರಲ್ಲಿ ಆ ಕಡೆಯಿಂದ ಡಿಫೆಂಡರ್‌ಗಳು ಓಡಿ ಬರುತ್ತಿರುತ್ತಾರೆ. ನಿಲ್ಲಿಸಿದ ಚೆಂಡು ಒಂದು ಗೇಣು ಪಕ್ಕಕ್ಕೆ ಉರುಳಿದರೂ ಸಾಕು, ಫ್ಲಿಕ್ ಮಾಡುವವಳು ಹೆಜ್ಜೆ ಬದಲಿಸಬೇಕಾಗುತ್ತದೆ, ಅವಕಾಶ ಕೈತಪ್ಪುತ್ತದೆ.

ಹಾಗಾಗಿ ನಾನು ಮೊದಲು ಫ್ಲಿಕ್ ಮಾಡುವವಳನ್ನು ಪಕ್ಕಕ್ಕೆ ಕಳಿಸುತ್ತೇನೆ. ಡಿ ಹೊರಗೆ ಊಟದ ತಟ್ಟೆಯಷ್ಟು ಅಗಲ ಒಂದು ಗುರುತು ಹಾಕುತ್ತೇನೆ. ತಳ್ಳುವವಳು, ನಿಲ್ಲಿಸುವವಳು, ಇಬ್ಬರೇ. ಚೆಂಡು ಪುಟಿಯದೆ ನೆಲಕ್ಕೆ ಅಂಟಿಕೊಂಡೇ ಬರಬೇಕು. ಅದಕ್ಕೆ ತಳ್ಳುವವಳು ಚೆಂಡನ್ನು ಹೊಡೆಯಬಾರದು. ಸ್ಟಿಕ್ಕಿಗೆ ತಾಗಿಸಿಕೊಂಡೇ ಮೈಯ ಭಾರವನ್ನೆಲ್ಲ ಮುಂದಿನ ಕಾಲಿಗೆ ಹಾಕಿ ಎಳೆದುಬಿಡಬೇಕು. ನಿಲ್ಲಿಸುವವಳು ಚೆನ್ನಾಗಿ ಬಗ್ಗಿ, ಸ್ಟಿಕ್ಕನ್ನು ನೆಲಕ್ಕೆ ಹತ್ತಿರ ತಂದು, ಸ್ವಲ್ಪ ಚೆಂಡಿನ ಕಡೆಗೆ ಬಾಗಿಸಿ ಹಿಡಿಯಬೇಕು. ಆಗ ಚೆಂಡು ಸ್ಟಿಕ್ ಮೇಲೆ ಹತ್ತುವುದಿಲ್ಲ. ಕೈ ಬಿಗಿ ಹಿಡಿದರೆ ಚೆಂಡು ಪುಟಿದು ವಾಪಸ್ ಹೋಗುತ್ತದೆ, ಕೈ ಸಡಿಲ ಇರಬೇಕು. ಸತತ ಹತ್ತು ಚೆಂಡು ಗುರುತಿನೊಳಗೆ ನಿಂತ ಮೇಲೆ ಮಾತ್ರ ಫ್ಲಿಕ್. ಒಂಬತ್ತನೆಯದು ತಪ್ಪಿದರೆ ಮತ್ತೆ ಒಂದರಿಂದ. ಹುಡುಗಿಯರು ಗೊಣಗುತ್ತಾರೆ, ಗೊಣಗಲಿ.

ಇನ್ನೊಂದು ಮಾತು. ಕಾರ್ನರ್‌ನಲ್ಲಿ ಮೊದಲ ಶಾಟ್ ಹಿಟ್ (ಸ್ಟಿಕ್ ಬೀಸಿ ಹೊಡೆದದ್ದು) ಆಗಿದ್ದರೆ ಚೆಂಡು ಗೋಲ್‌ಲೈನ್ ದಾಟುವಾಗ 460 ಮಿಲಿಮೀಟರ್‌ಗಿಂತ ಎತ್ತರ ಇರಬಾರದು. ಫ್ಲಿಕ್‌ಗೆ ಆ ಮಿತಿ ಇಲ್ಲ. ನಿಮ್ಮ ತಂಡದಲ್ಲಿ ಒಳ್ಳೆಯ ಫ್ಲಿಕ್ ಮಾಡುವವರು ಇಲ್ಲದಿದ್ದರೆ ಬೇಜಾರಾಗಬೇಡಿ. ಕೀಪರ್‌ನ ಎಡಕ್ಕೋ ಬಲಕ್ಕೋ ನೆಲಮಟ್ಟದ ನೇರ ಹಿಟ್ ಇವತ್ತಿಗೂ ಗೋಲು ತಂದುಕೊಡುತ್ತದೆ. ಅಮೆರಿಕದ ಬೆತ್ ಆಂಡರ್ಸ್ ಆಡುವಾಗ ಕಾರ್ನರ್‌ಗೆ ಹೆಸರಾದವರು. 1984ರ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು. 1980ರಿಂದಲೇ ಓಲ್ಡ್ ಡೊಮಿನಿಯನ್ ಯೂನಿವರ್ಸಿಟಿಯ ಕೋಚ್ ಕೂಡ ಆಗಿದ್ದು, ಆ ತಂಡಕ್ಕೆ ಒಂಬತ್ತು ರಾಷ್ಟ್ರೀಯ ಕಾಲೇಜು ಪ್ರಶಸ್ತಿ ಗೆಲ್ಲಿಸಿಕೊಟ್ಟರು.

ಕಾರ್ನರ್ ಕೊಟ್ಟ ಮೇಲೆ ಅದು ಮುಗಿಯುವವರೆಗೆ ಆಟಗಾರರನ್ನು ಬದಲಿಸುವ ಹಾಗಿಲ್ಲ. ಹೊಸ ಕೋಚ್‌ಗಳಿಗೆ ನಿಯಮ ಗೊತ್ತಿರುತ್ತದೆ, ಬೆಂಚಿನಲ್ಲಿ ಕೂತಾಗ ಮರೆತುಹೋಗುತ್ತದೆ. ಫ್ಲಿಕ್ ಮಾಡುವವಳು ನೀರು ಕುಡಿಯುತ್ತಾ ಹೊರಗೆ ಕೂತಿರುವಾಗ ಕಾರ್ನರ್ ಸಿಕ್ಕರೆ ಏನು ಮಾಡುತ್ತೀರಿ? ಅದಕ್ಕೇ ತಳ್ಳುವವಳು, ನಿಲ್ಲಿಸುವವಳು, ಹೊಡೆಯುವವಳು, ಮೂರೂ ಜಾಗಕ್ಕೆ ಇಬ್ಬಿಬ್ಬರು ಬೇಕು. ಒಬ್ಬಳು ಕೊನೆಯ ವರ್ಷದವಳು, ಇನ್ನೊಬ್ಬಳು ಜೂನಿಯರ್. ಸೀನಿಯರ್ ತನ್ನ ಜೂನಿಯರ್‌ಗೆ ತಾನೇ ಕಲಿಸಬೇಕು, ನಾನು ಪಕ್ಕದಲ್ಲಿ ನಿಂತು ನೋಡುತ್ತೇನೆ ಅಷ್ಟೇ. ಹುಡುಗಿಯರು ನನ್ನ ಮಾತಿಗಿಂತ ಸೀನಿಯರ್ ಮಾತು ಬೇಗ ಕೇಳುತ್ತಾರೆ, ಅದು ಸಹಜ ಅಲ್ವಾ. ಹೀಗೆ ಮಾಡಿದರೆ ಸೀನಿಯರ್ ಹೋದ ವರ್ಷ ಆ ಜಾಗ ಖಾಲಿ ಬೀಳುವುದಿಲ್ಲ.

ಪ್ರಾಕ್ಟೀಸ್ ಹೊತ್ತನ್ನು ಎಳೆಯಬೇಡಿ. ಅಮೆರಿಕದಲ್ಲಿ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆಯಾದ ಎನ್‌ಸಿಎಎ ನಿಯಮದಲ್ಲಿ ಸೀಸನ್ ನಡೆಯುವಾಗ ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆ ಮಿತಿ, ವಾರಕ್ಕೊಂದು ದಿನ ರಜೆ ಕಡ್ಡಾಯ. ನಿಮಗೆ ಅಂಥ ನಿಯಮ ಇಲ್ಲದಿದ್ದರೂ ನೀವೇ ಹಾಕಿಕೊಳ್ಳಿ. ಇವರು ಓದುವ ಮಕ್ಕಳು. ಪರೀಕ್ಷೆಯ ತಾರೀಖುಗಳನ್ನು ಮೊದಲೇ ತರಿಸಿಕೊಂಡು ಪ್ಲಾನ್ ಮಾಡಿ.

ಆಟಗಾರರನ್ನು ಆರಿಸುವಾಗ ಚೆಂಡು ಇಲ್ಲದವರನ್ನು ನೋಡಿ. ಚೆಂಡು ಕಳೆದುಕೊಂಡ ಮರುಕ್ಷಣ ಅವಳು ಏನು ಮಾಡುತ್ತಾಳೆ? ಸೊಂಟದ ಮೇಲೆ ಕೈ ಇಟ್ಟು ನಿಲ್ಲುತ್ತಾಳಾ, ತಿರುಗಿ ಓಡುತ್ತಾಳಾ? ತಿರುಗಿ ಓಡುವವಳಿಗೆ ಡ್ರಿಬಲ್ ಕಲಿಸಬಹುದು.

ಮ್ಯಾಚಿನಲ್ಲಿ 15 ನಿಮಿಷದ ನಾಲ್ಕು ಕ್ವಾರ್ಟರ್. ಮೊದಲ ಮತ್ತು ಮೂರನೇ ಕ್ವಾರ್ಟರ್ ಆದ ಮೇಲೆ ಸಿಗುವುದು ಸ್ವಲ್ಪವೇ ಬಿಡುವು. ಅವರು ಉಸಿರು ತೆಗೆದುಕೊಳ್ಳಲಿ, ನೀರು ಕುಡಿಯಲಿ. ಆಮೇಲೆ ಒಂದೇ ವಿಷಯ ಹೇಳಿ. ‘ಅವರ ಬಲಗಡೆಯ ಡಿಫೆಂಡರ್ ಮೇಲೆ ಪ್ರೆಸ್ ಮಾಡಿ’ ಅಂದರೆ ಅಷ್ಟೇ ಸಾಕು. ಐದು ವಿಷಯ ಹೇಳಿದರೆ ಒಂದೂ ತಲೆಗೆ ಹೋಗುವುದಿಲ್ಲ.

ಇನ್ನು ತಾಳ್ಮೆಯ ಮಾತು. ಅಮೆರಿಕದ ಕರೆನ್ ಶೆಲ್ಟನ್ 1981ರಲ್ಲಿ ನಾರ್ತ್ ಕೆರೊಲಿನಾ ಯೂನಿವರ್ಸಿಟಿ ತಂಡಕ್ಕೆ ಕೋಚ್ ಆದರು. ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂದದ್ದು 1989ರಲ್ಲಿ. 2009ರಲ್ಲಿ ಗೆದ್ದ ಮೇಲೆ ಮತ್ತೆ ಗೆದ್ದದ್ದು 2018ರಲ್ಲಿ. ನಡುವೆ ಹಲವು ಸಲ ಫೈನಲ್‌ವರೆಗೆ ಬಂದು ಸೋತರು. ಆದರೆ ಫೈನಲ್‌ಗೆ ಬರುವುದನ್ನು ಬಿಡಲಿಲ್ಲ, ನೋಡಿ. 2022ರಲ್ಲಿ ನಿವೃತ್ತಿ ಆಗುವಾಗ ಅವರ ಹೆಸರಲ್ಲಿ ಹತ್ತು ಪ್ರಶಸ್ತಿ ಇದ್ದವು. ಅವರ ಜಾಗಕ್ಕೆ ಬಂದದ್ದು ಅದೇ ತಂಡದಲ್ಲಿ ಆಡಿದ್ದ ಎರಿನ್ ಮ್ಯಾಟ್ಸನ್, ಆಗ ವಯಸ್ಸು 22. 2023ರಲ್ಲಿ, ಕೋಚ್ ಆದ ಮೊದಲ ಸೀಸನ್‌ನಲ್ಲೇ, ಅವರೂ ಪ್ರಶಸ್ತಿ ಗೆದ್ದರು. ನನಗೆ ಆ ಹತ್ತು ಪ್ರಶಸ್ತಿಗಿಂತ ಇದೇ ದೊಡ್ಡದು ಅನ್ನಿಸುತ್ತದೆ. ಕೋಚ್ ಹೋದರೂ ತಂಡ ಅಲ್ಲಾಡಲಿಲ್ಲ.

ಹಾಗಾಗಿ ಕೆಲಸಕ್ಕೆ ಒಪ್ಪುವ ಮುಂಚೆ ಸಂಬಳ ಕೇಳಿ ಸುಮ್ಮನಾಗಬೇಡಿ. ಟರ್ಫ್ ವಾರಕ್ಕೆ ಎಷ್ಟು ಹೊತ್ತು ಸಿಗುತ್ತದೆ, ಬೇರೆ ಆಟದವರ ಜೊತೆ ಹಂಚಿಕೊಳ್ಳಬೇಕಾ, ಕೀಪರ್ ಕಿಟ್ ಯಾರು ಕೊಡಿಸುತ್ತಾರೆ, ಗಾಯ ಆದರೆ ಫಿಜಿಯೊ ಇದ್ದಾರಾ, ಎಲ್ಲ ಕೇಳಿ. ಮುಖ್ಯವಾಗಿ ಒಪ್ಪಂದ ಎಷ್ಟು ವರ್ಷದ್ದು ಅಂತ ನೋಡಿ. ಒಂದೇ ವರ್ಷದ್ದಾದರೆ ನೀವು ಸೀನಿಯರ್‌ಗಳನ್ನೇ ಆಡಿಸುತ್ತೀರಿ, ಜೂನಿಯರ್‌ಗಳು ಬೆಂಚಿನಲ್ಲೇ ಉಳಿಯುತ್ತಾರೆ. ಈಗ ಸೇರುವ ಮಕ್ಕಳು ಓದು ಮುಗಿಸುವವರೆಗಾದರೂ ಇರುವಂಥ ಒಪ್ಪಂದ ಕೇಳಿ, ಅದನ್ನು ಬರಹದಲ್ಲೇ ತೆಗೆದುಕೊಳ್ಳಿ.